ಏರ್‌ಬ್ಯಾಗ್ ರೀಕಾಲ್ ಪತ್ರ ಮತ್ತೆ ಬಂದಿದೆ, ಕಾರು ಬಿಚ್ಚಿಸಲು ಮನಸ್ಸಿಲ್ಲ

ಪ್ರಶ್ನೆ: ನನ್ನೂರು ಕುಮಟಾ. ನನ್ನದು 2012ರ ಸೆಡಾನ್ ಕಾರು, ಕಾರವಾರದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಓಡಿದ್ದು ಬರೀ 46 ಸಾವಿರ ಕಿಲೋಮೀಟರ್. ಕಳೆದ ವರ್ಷ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರು ಕರೆಸುವುದು) ಎಂದು ಕರೆಸಿ ಡ್ರೈವರ್ ಬದಿಯ ಏರ್‌ಬ್ಯಾಗಿನ ಇನ್‌ಫ್ಲೇಟರ್, ಅಂದರೆ ಚೀಲಕ್ಕೆ ಗ್ಯಾಸ್ ತುಂಬುವ ಡಬ್ಬಿ, ಬದಲಿಸಿದರು. ಅಲ್ಲಿಂದ ಈಚೆಗೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಎಡಕ್ಕೆ ವಾಲಿರುತ್ತದೆ, ಹಂಪ್ ದಾಟುವಾಗ ಮುಂದೆ ಎಲ್ಲೋ ಕಟಕಟ ಸದ್ದು. ಈಗ ಎಡಬದಿಯ, ಅಂದರೆ ಡ್ರೈವರ್ ಪಕ್ಕದ ಸೀಟಿನ, ಏರ್‌ಬ್ಯಾಗಿಗೂ ಟಕಾಟಾ ಕಂಪನಿಯ ಇನ್‌ಫ್ಲೇಟರ್ ಇದೆ, ಬದಲಿಸಬೇಕು ಎಂದು ಪತ್ರ ಬಂದಿದೆ. ಡ್ಯಾಶ್‌ಬೋರ್ಡ್ ಬಿಚ್ಚುತ್ತಾರಂತೆ. ಏರ್‌ಬ್ಯಾಗ್ ಲೈಟ್ ಒಂದು ದಿನವೂ ಉರಿದಿಲ್ಲ. ಹುಬ್ಬಳ್ಳಿಗೆ ಹೋಗಿ ಬರಲು ಒಂದು ದಿನ ಬೇಕು. ಇಲ್ಲಿನ ಎಲೆಕ್ಟ್ರಿಷಿಯನ್ 'ಒಂದು ಕನೆಕ್ಟರ್ ಕಿತ್ತಿಟ್ಟರೆ ಆಯ್ತು' ಅನ್ನುತ್ತಾರೆ. ನನಗೆ ಬೇಡದ ಈ ಕೆಲಸವನ್ನು ಬೇಡ ಅನ್ನಬಹುದೇ?

ಉತ್ತರ: ಬೇಡ ಅನ್ನಬಹುದು, ಕಾನೂನು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ಆದರೆ ಅನ್ನಬೇಡಿ. ಈ ಒಂದು ರೀಕಾಲನ್ನು, ಅದರಲ್ಲೂ ನಮ್ಮ ಕರಾವಳಿಯಲ್ಲಿ, ಮುಂದೂಡುವುದು ತಪ್ಪು. ಕನೆಕ್ಟರ್ ಕೀಳಿಸುವ ಮಾತನ್ನಂತೂ ಬಿಟ್ಟೇಬಿಡಿ. ಹಾಗೆಂದು ನಿಮ್ಮ ಸಿಟ್ಟು ಸುಳ್ಳಲ್ಲ. ಹೋದ ಸಲದ ಕೆಲಸ ಸರಿಯಾಗಿ ಆದಂತೆ ಕಾಣುವುದಿಲ್ಲ. ಅದನ್ನು ಸರಿ ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ. ಈ ಸಲದ ಕೆಲಸ ಹಾಗಾಗದಂತೆ ನೋಡಿಕೊಳ್ಳುವ ದಾರಿಯೂ ಇದೆ.

ಲೈಟ್ ಉರಿದಿಲ್ಲ ಎಂಬುದರಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರ ಧೈರ್ಯ ನಿಂತಿರುವುದೇ ಅದರ ಮೇಲೆ. ಇಗ್ನಿಷನ್ ಹಾಕಿದಾಗ ಎಸ್‌ಆರ್‌ಎಸ್ ದೀಪ (ಅದೇ ಏರ್‌ಬ್ಯಾಗ್ ಲೈಟ್) ಐದಾರು ಸೆಕೆಂಡ್ ಉರಿದು ಆರುತ್ತದಲ್ಲ, ಅಷ್ಟರಲ್ಲಿ ಕಂಟ್ರೋಲ್ ಯೂನಿಟ್ ನೋಡುವುದು ವಿದ್ಯುತ್ ಸರ್ಕ್ಯೂಟನ್ನು ಮಾತ್ರ. ಇನ್‌ಫ್ಲೇಟರಿನೊಳಗೆ ಕಿಡಿ ಹೊತ್ತಿಸುವ ಸಣ್ಣ ತಂತಿಯ ರೆಸಿಸ್ಟೆನ್ಸ್ ಎರಡು ಮೂರು ಓಮ್ ಆಸುಪಾಸು ಇದೆಯೇ, ವೈರ್ ತುಂಡಾಗಿಲ್ಲವೇ, ಸೆನ್ಸರ್ ಉತ್ತರ ಕೊಡುತ್ತಿದೆಯೇ ಎಂದು ಅದು ಕೇಳುತ್ತದೆ. ಡಬ್ಬಿಯೊಳಗಿನ ಸ್ಫೋಟಕದ ಬಿಲ್ಲೆಗಳು ಗಟ್ಟಿ ಇವೆಯೋ ಪುಡಿಯಾಗಿವೆಯೋ ಎಂದು ತಿಳಿಯುವ ಯಾವ ಸೆನ್ಸರೂ ಕಾರಿನಲ್ಲಿಲ್ಲ. ಹಾಳಾದ ಇನ್‌ಫ್ಲೇಟರ್ ಇದ್ದರೂ ಲೈಟ್ ಆರಿಯೇ ಇರುತ್ತದೆ. ಸ್ಕ್ಯಾನರ್ ಹಾಕಿ ನೋಡಿದರೂ ತಪ್ಪು ಕಾಣಿಸುವುದಿಲ್ಲ. ಇಷ್ಟು ವರ್ಷ ಏನೂ ಆಗಲಿಲ್ಲ ಎಂಬುದಕ್ಕೂ ಇದೇ ಉತ್ತರ: ಆ ಡಬ್ಬಿ ಕೆಲಸ ಮಾಡುವುದು ಅಪಘಾತವಾದ ಆ ಒಂದು ಕ್ಷಣದಲ್ಲಿ. ಅಲ್ಲಿಯವರೆಗೆ ಅದು ಚೆನ್ನಾಗಿದೆ ಎಂಬುದಕ್ಕೆ ಪುರಾವೆಯೇ ಸಿಗದು.

ಒಳಗಿನ ಕಥೆ ಹೀಗೆ. ಡಿಕ್ಕಿಯಾದಾಗ ಸುಮಾರು 30 ಮಿಲಿಸೆಕೆಂಡಿನಲ್ಲಿ ಚೀಲ ಉಬ್ಬಬೇಕು. ಅಷ್ಟು ಗ್ಯಾಸ್ ಅಷ್ಟು ಬೇಗ ಹುಟ್ಟಬೇಕಾದರೆ ಘನ ಇಂಧನವೇ ಉರಿಯಬೇಕು. ಟಕಾಟಾ ಕಂಪನಿ ಇದಕ್ಕೆ ಅಮೋನಿಯಂ ನೈಟ್ರೇಟ್ ಬಳಸಿತು, ಸ್ಫಟಿಕ ಬದಲಾಗದಂತೆ ಇನ್ನೊಂದು ಲವಣ ಬೆರೆಸಿ. ಗೊಬ್ಬರವಾಗಿ ಪರಿಚಿತವಾದ ಈ ಲವಣಕ್ಕೆ ಗಾಳಿಯ ನೀರು ಹೀರುವ ಗುಣವಿದೆ. ಹಳೆಯ ಇನ್‌ಫ್ಲೇಟರುಗಳಲ್ಲಿ ತೇವ ಹೀರಿಕೊಳ್ಳುವ ಡೆಸಿಕೆಂಟ್ ಇರಲಿಲ್ಲ. ಡಬ್ಬಿಯ ಸೀಲುಗಳು ವರ್ಷಾನುಗಟ್ಟಲೆ ಸಣ್ಣಗೆ ತೇವ ಒಳಬಿಟ್ಟವು. ಹಗಲು ಕ್ಯಾಬಿನ್ ಕಾದು ರಾತ್ರಿ ತಣಿದಂತೆಲ್ಲ ಬಿಲ್ಲೆಗಳು ಹಿಗ್ಗಿ ಕುಗ್ಗಿ ಒಳಗೆ ಸಣ್ಣ ಸಣ್ಣ ರಂಧ್ರ ಬಿಟ್ಟುಕೊಂಡವು. ಒದ್ದೆಯಾದ ಪಟಾಕಿ ಠುಸ್ಸೆನ್ನುತ್ತದೆ, ಇಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ರಂಧ್ರ ಹೆಚ್ಚಿದಷ್ಟೂ ಉರಿಯುವ ಮೇಲ್ಮೈ ಹೆಚ್ಚು, ಉರಿ ವೇಗ, ಒತ್ತಡ ಮಿತಿಮೀರಿ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಚೀಲ ಹರಿದು ಮುಖ ಕುತ್ತಿಗೆಗೆ ಬರುತ್ತವೆ. ಕಾರು ತಯಾರಕರ ಒಕ್ಕೂಟವೊಂದರ ಪರವಾಗಿ ಆರ್ಬಿಟಲ್ ಎಟಿಕೆ ಸಂಸ್ಥೆ ನಡೆಸಿದ ತನಿಖೆ ಮೂರು ಕಾರಣ ಒಟ್ಟಿಗೆ ಸೇರಬೇಕು ಎಂದಿತು: ಡೆಸಿಕೆಂಟ್ ಇಲ್ಲದ ಅಮೋನಿಯಂ ನೈಟ್ರೇಟ್, ತೇವ ತಡೆಯದ ಡಬ್ಬಿಯ ರಚನೆ, ದೀರ್ಘಕಾಲದ ಹೆಚ್ಚಿನ ಆರ್ದ್ರತೆಯ ಜೊತೆಗೆ ಶಾಖದ ಏರಿಳಿತ.

ಈ ಮೂರನೆಯದು ನಮ್ಮೂರಿನ ಹವೆ. ಅಮೆರಿಕದಲ್ಲಿ ಬದಲಾವಣೆಗೆ ಸರದಿ ಗೊತ್ತುಮಾಡಿದಾಗ ಫ್ಲೋರಿಡಾ, ಹವಾಯಿ, ಪೋರ್ಟೊರಿಕೊ ಥರದ ಬಿಸಿ ಮತ್ತು ತೇವದ ಪ್ರದೇಶಗಳನ್ನು ಮೊದಲನೆಯ ವಲಯಕ್ಕೆ ಹಾಕಿದರು. ಅಮೆರಿಕದ ಹೊರಗೆ ಮೊದಲ ಸಾವು ವರದಿಯಾಗಿದ್ದು 2014ರಲ್ಲಿ, ಮಲೇಷ್ಯಾದಲ್ಲಿ. ಭಟ್ಕಳದಿಂದ ಕಾರವಾರದವರೆಗಿನ ಸೆಕೆ, ನಾಲ್ಕು ತಿಂಗಳ ಮಳೆ, ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್, ಇವನ್ನು ನೆನಪಿಸಿಕೊಂಡರೆ ನಾವು ಯಾವ ವಲಯದವರು ಎಂದು ಬೇರೆ ಹೇಳಬೇಕಿಲ್ಲ. ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರದವರೂ ತೀರಾ ನಿಶ್ಚಿಂತರಾಗುವಂತಿಲ್ಲ, ಶಾಖ ಕಡಿಮೆಯಾದರೂ ತೇವ ಅಲ್ಲಿಯೂ ಕಡಿಮೆಯಿಲ್ಲ.

ಕಡಿಮೆ ಓಡಿದೆ ಎಂಬ ಸಮಾಧಾನ ಇಲ್ಲಿ ನಡೆಯದು. ಇನ್‌ಫ್ಲೇಟರ್ ಸವೆಯುವುದು ವರ್ಷದ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಲ್ಲ. ಶೆಡ್ಡಿನಲ್ಲಿ ನಿಲ್ಲಿಸಿದರೆ ಬಿಸಿಲಿನ ಹೊಡೆತ ತಗ್ಗುತ್ತದೆ, ಅದು ಒಳ್ಳೆಯದೇ. ಆದರೆ ಗಾಳಿಯ ತೇವ ಶೆಡ್ಡಿನೊಳಗೂ ಅಷ್ಟೇ. ಪ್ಲಾಸ್ಟಿಕ್ ಕವರ್ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ.

ಹಳೆಯ ಇನ್‌ಫ್ಲೇಟರುಗಳೆಲ್ಲ ಸಿಡಿಯುತ್ತವೆ ಎಂದರ್ಥವಲ್ಲ. ಬಹುಪಾಲು ಸರಿಯಾಗಿಯೇ ಉಬ್ಬುತ್ತವೆ. ಆದರೆ ಯಾವುದು ಸಿಡಿಯುತ್ತದೆ ಎಂದು ಹೊರಗಿನಿಂದ ಆರಿಸುವ ವಿಧಾನವಿಲ್ಲ. ವಯಸ್ಸಾದಷ್ಟೂ ಅಪಾಯ ಏರುತ್ತದೆ. ಹೋಂಡಾ ಮತ್ತು ಅಕ್ಯುರಾದ 2001ರಿಂದ 2003ರವರೆಗಿನ ಕೆಲವು ಕಾರುಗಳ ಇನ್‌ಫ್ಲೇಟರ್ ಅಪಘಾತದಲ್ಲಿ ಸಿಡಿಯುವ ಸಂಭವ ಶೇ 50ರಷ್ಟು ಇರಬಹುದೆಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯೇ 2016ರಲ್ಲಿ ಎಚ್ಚರಿಸಿತ್ತು. ನಿಮ್ಮದು ಆ ಗುಂಪಿನ ಕಾರಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಮನಸ್ಸಿಗೆ ತೆಗೆದುಕೊಳ್ಳಬೇಕಾದ್ದು ಇದು: ಇಂಥ ಸಾವುಗಳಲ್ಲಿ ಹಲವು, ತರಚು ಗಾಯದೊಂದಿಗೆ ಎದ್ದು ಬರಬಹುದಾಗಿದ್ದ ಸಣ್ಣ ಡಿಕ್ಕಿಗಳಲ್ಲಿ ಆದವು. ಕಾರು ಕಾಪಾಡಿತ್ತು, ಚೂರು ಕೊಂದಿತು.

ಮತ್ತೆ ಮತ್ತೆ ಯಾಕೆ ಕರೆಯುತ್ತಾರೆ ಎಂಬ ನಿಮ್ಮ ಬೇಸರಕ್ಕೆ ಎರಡು ಕಾರಣವಿದೆ. ಡ್ರೈವರ್ ಬದಿಯ ಇನ್‌ಫ್ಲೇಟರ್ ಬೇರೆ, ಎಡಬದಿಯದು ಬೇರೆ. ರಚನೆ, ಬ್ಯಾಚ್ ಎರಡೂ ಬೇರೆಯಾದ್ದರಿಂದ ರೀಕಾಲೂ ಹಂತ ಹಂತವಾಗಿ ಬಂದವು. ನಮ್ಮ ದೇಶದಲ್ಲೇ ಹೋಂಡಾ 2017ರ ಜನವರಿಯಲ್ಲಿ 41,580 ಕಾರು, 2018ರ ಜನವರಿಯಲ್ಲಿ ಇನ್ನೂ 22,834 ಕಾರುಗಳನ್ನು ಇದೇ ಕಾರಣಕ್ಕೆ ಕರೆಸಿತ್ತು. ಎರಡನೆಯ ಕಾರಣ, ಜಗತ್ತಿನಾದ್ಯಂತ ಸುಮಾರು ಹತ್ತು ಕೋಟಿ ಇನ್‌ಫ್ಲೇಟರ್ ಬದಲಿಸಬೇಕಾಗಿ ಬಂದಾಗ ಬಿಡಿಭಾಗ ಸಾಕಾಗಲಿಲ್ಲ. ಹಾಗಾಗಿ ಆರಂಭದಲ್ಲಿ ಕೆಲವು ಕಾರುಗಳಿಗೆ ಅದೇ ನಮೂನೆಯ ಹೊಸ ಡಬ್ಬಿಯನ್ನೇ ತಾತ್ಕಾಲಿಕವಾಗಿ ಹಾಕಿದರು. ಹೊಸದಾದ್ದರಿಂದ ಕೆಲವು ವರ್ಷ ಅಪಾಯ ತೀರಾ ಕಡಿಮೆ, ಆಮೇಲೆ ಮತ್ತೆ ಬದಲಿಸಲೇಬೇಕು. ಆದ್ದರಿಂದ ಸರ್ವಿಸ್ ಅಡ್ವೈಸರ್ ಹತ್ತಿರ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ಈಗ ಹಾಕುವುದು ಅಂತಿಮ ಪರಿಹಾರವೋ, ತಾತ್ಕಾಲಿಕವೋ? ಕಳೆದ ವರ್ಷ ಡ್ರೈವರ್ ಬದಿಗೆ ಹಾಕಿದ್ದು ಯಾವುದು?

ಇನ್ನು ಸ್ಟೀರಿಂಗ್. ಡ್ರೈವರ್ ಬದಿಯ ಏರ್‌ಬ್ಯಾಗ್ ತೆಗೆಯಲು ಸ್ಟೀರಿಂಗ್ ಚಕ್ರವನ್ನೇ ಕಳಚಬೇಕಿಲ್ಲ. ಚಕ್ರದ ಪಕ್ಕದ ಸಣ್ಣ ಮುಚ್ಚಳ ತೆಗೆದು ಎರಡು ಟಾರ್ಕ್ಸ್ ಬೋಲ್ಟ್ ಬಿಚ್ಚಿದರೆ, ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಕ್ಲಿಪ್ ಒತ್ತಿದರೆ, ಪ್ಯಾಡ್ ಕೈಗೆ ಬರುತ್ತದೆ. ಹಾಗಾದರೆ ಚಕ್ರ ಓರೆಯಾದದ್ದು ಹೇಗೆ? ಓರೆ ಎಷ್ಟಿದೆ ಎಂದು ನೋಡಿ. ಮೂರು ನಾಲ್ಕು ಡಿಗ್ರಿ ಮಾತ್ರವಾದರೆ ಅದು ಏರ್‌ಬ್ಯಾಗ್ ಕೆಲಸದ ತಪ್ಪಲ್ಲದಿರಬಹುದು. ಹೊಂಡಕ್ಕೆ ಬಿದ್ದು ವೀಲ್ ಅಲೈನ್‌ಮೆಂಟ್ ತಪ್ಪಿದರೂ ಅಷ್ಟು ವಾಲುತ್ತದೆ, ನಮ್ಮ ಹೆದ್ದಾರಿ ಕಾಮಗಾರಿಯ ಬದಿರಸ್ತೆಗಳಲ್ಲಿ ಅದಕ್ಕೇನೂ ಕೊರತೆಯಿಲ್ಲ. ಹತ್ತು ಡಿಗ್ರಿ ಅಥವಾ ಹೆಚ್ಚು ವಾಲಿದ್ದರೆ ಯಾರೋ ಚಕ್ರದ ನಡುವಿನ ನಟ್ಟು ಬಿಚ್ಚಿ ಮತ್ತೆ ಕೂರಿಸುವಾಗ ಒಂದು ಹಲ್ಲು ತಪ್ಪಿಸಿರುವ ಸಂಭವ ಹೆಚ್ಚು. ನಟ್ಟಿನ ಮೇಲೆ ಕಾರ್ಖಾನೆಯ ಬಣ್ಣದ ಗುರುತಿದ್ದು ಅದು ಒಡೆದಿದ್ದರೆ ಅದೇ ಸಾಕ್ಷಿ. ಇದನ್ನು ಅಲೈನ್‌ಮೆಂಟಿನಲ್ಲಿ ಟೈ ರಾಡ್ (ಮುಂದಿನ ಗಾಲಿಗಳನ್ನು ತಿರುಗಿಸುವ ಸರಳು) ತಿರುಗಿಸಿ ಮುಚ್ಚಿಹಾಕಲು ಬಿಡಬೇಡಿ. ಚಕ್ರ ನೇರ ಕಾಣುತ್ತದೆ ನಿಜ, ಆದರೆ ಅದರ ಹಿಂದಿರುವ ಕ್ಲಾಕ್ ಸ್ಪ್ರಿಂಗ್ ನಡುಬಿಂದು ತಪ್ಪಿಯೇ ಉಳಿಯಬಹುದು. ಸುರುಳಿ ಸುತ್ತಿದ ಆ ಪಟ್ಟಿ ವೈರಿಗೆ ಎರಡೂ ಕಡೆ ಎರಡೂವರೆ ಸುತ್ತಿನಷ್ಟೇ ಅವಕಾಶ. ನಡುವಿನಲ್ಲಿ ಇಲ್ಲದಿದ್ದರೆ, ಮುಂದೊಂದು ದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಹರಿಯುತ್ತದೆ. ಹಾರ್ನ್ ನಿಲ್ಲುತ್ತದೆ, ಸ್ಟೀರಿಂಗ್ ಮೇಲಿನ ಬಟನ್ ಸಾಯುತ್ತದೆ, ಎಸ್‌ಆರ್‌ಎಸ್ ಲೈಟ್ ಹತ್ತುತ್ತದೆ, ಡ್ರೈವರ್ ಏರ್‌ಬ್ಯಾಗ್ ಉಬ್ಬದೇ ಉಳಿಯುತ್ತದೆ. ಆದ್ದರಿಂದ ಮೊದಲು ಕುಮಟಾದಲ್ಲೋ ಕಾರವಾರದಲ್ಲೋ ಅಲೈನ್‌ಮೆಂಟ್ ರೀಡಿಂಗ್ ಮಾತ್ರ ತೆಗೆಸಿ, ಏನನ್ನೂ ತಿರುಗಿಸದೆ ಪ್ರಿಂಟ್ ಇಟ್ಟುಕೊಳ್ಳಿ. ಟೋ ಅಳತೆ, ಅಂದರೆ ಮುಂದಿನ ಗಾಲಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ, ಮಿತಿಯೊಳಗಿದ್ದೂ ಸ್ಟೀರಿಂಗ್ ಓರೆಯಾಗಿದ್ದರೆ ಚಕ್ರ ಕೂರಿಸಿದ್ದೇ ತಪ್ಪಿರುವ ಸಂಭವ ಹೆಚ್ಚು.

ಸದ್ದಿನ ವಿಷಯ ಬೇರೆ. ಡ್ರೈವರ್ ಪ್ಯಾಡ್ ಬಿಚ್ಚಿದ್ದರಿಂದ ಡ್ಯಾಶ್‌ಬೋರ್ಡ್ ಸದ್ದಾಗಲು ಕಾರಣವೇ ಇಲ್ಲ. ಅಂದು ಬೇರೇನಾದರೂ ತೆಗೆದಿದ್ದರೇ ಎಂದು ಹಳೆಯ ಜಾಬ್ ಕಾರ್ಡ್ (ಸರ್ವಿಸ್ ಸೆಂಟರ್ ಕೆಲಸಗಳನ್ನು ಬರೆದುಕೊಡುವ ಚೀಟಿ) ನೋಡಿ. ಎಸಿ ಫಿಲ್ಟರ್ ಬದಲಿಸಿದ್ದರೆ ಸಂಶಯ ಅಲ್ಲಿಯೇ. ಗ್ಲೋವ್ ಬಾಕ್ಸ್ ಹಿಂದಿನ ಫಿಲ್ಟರ್ ಮುಚ್ಚಳ ಪೂರ್ತಿ ಕೂರದಿದ್ದರೆ ಹಂಪಿನಲ್ಲಿ ಸರಿಯಾಗಿ ಈ ಕಟಕಟ ಸದ್ದೇ ಬರುತ್ತದೆ. ಗ್ಲೋವ್ ಬಾಕ್ಸಿನ ಎರಡು ಪಕ್ಕದ ಸ್ಟಾಪರ್, ಅದನ್ನು ಮೆಲ್ಲಗೆ ಇಳಿಸುವ ಡ್ಯಾಂಪರಿನ ದಾರ, ಇವೆರಡರಲ್ಲಿ ಒಂದು ಕಳಚಿರುವುದೂ ಉಂಟು.

ಎಡಬದಿಯ ಕೆಲಸದಲ್ಲಿ ಮಾತ್ರ ನಿಜಕ್ಕೂ ಜಾಗ್ರತೆ ಬೇಕು, ನಿಮ್ಮ ಹೆದರಿಕೆಗೆ ಆಧಾರವಿದೆ. ಹಲವು ಸೆಡಾನ್‌ಗಳಲ್ಲಿ ಗ್ಲೋವ್ ಬಾಕ್ಸ್ ಇಳಿಸಿ ಕೆಳಗಿನಿಂದಲೇ ಕೈಹಾಕಿ ಏರ್‌ಬ್ಯಾಗ್ ಮಾಡ್ಯೂಲನ್ನು ಅಡ್ಡ ತೊಲೆಗೆ ಹಿಡಿದ ಬೋಲ್ಟ್ ಬಿಚ್ಚಬಹುದು, ಡ್ಯಾಶ್‌ಬೋರ್ಡ್ ಅಲ್ಲಾಡಿಸಬೇಕಿಲ್ಲ. ಕೆಲವು ಮಾಡೆಲ್‌ಗಳಲ್ಲಿ ಡ್ಯಾಶ್‌ಬೋರ್ಡನ್ನು ಸಡಿಲಿಸಿ ಎಳೆಯಲೇಬೇಕು. ನಿಮ್ಮದರಲ್ಲಿ ಯಾವುದು ಎಂದು ಮೊದಲೇ ಕೇಳಿ, ಅದರ ಮೇಲೆ ಸಮಯವೂ ನಿಂತಿದೆ. ಬಿಸಿಲು ಕುಡಿದ ಪ್ಲಾಸ್ಟಿಕ್ಕಿನ ಕಿವಿಗಳು ಇಷ್ಟು ವರ್ಷಕ್ಕೆ ಬಿಸ್ಕತ್ತಾಗಿರುತ್ತವೆ, ಲೋಹದ ಕ್ಲಿಪ್ಪುಗಳಿಗೆ ಉಪ್ಪುಗಾಳಿಯ ತುಕ್ಕು. ಅವನ್ನೇ ತಿರುಗಿ ಒತ್ತಿ ಕೂರಿಸಿದರೆ ಅಲ್ಲಿಗೆ ಸದ್ದು ಖಾಯಂ. ವೈರಿಂಗ್ ಗೊಂಚಲನ್ನು ಅದರ ಕ್ಲಿಪ್ಪಿಗೆ ಮರಳಿ ಸಿಕ್ಕಿಸದೆ ತೂಗಲು ಬಿಟ್ಟರೂ ಪ್ಲಾಸ್ಟಿಕ್ಕಿಗೆ ತಾಗಿ ಬಡಿಯುತ್ತದೆ. ಹಾಗಾಗಿ ಜಾಬ್ ಕಾರ್ಡಿನಲ್ಲಿ ಇಷ್ಟು ಬರೆಸಿ: ಮುರಿದ ಮತ್ತು ತುಕ್ಕು ಹಿಡಿದ ಕ್ಲಿಪ್ಪುಗಳಿಗೆ ಹೊಸದು ಹಾಕಬೇಕು, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ತಾಗುವ ಕಡೆ ಫೆಲ್ಟ್ ಟೇಪ್ ಅಂಟಿಸಬೇಕು, ಏರ್‌ಬ್ಯಾಗಿನ ಬೋಲ್ಟ್ ನಟ್ಟುಗಳು ಹೊಸವೇ ಆಗಬೇಕು ಮತ್ತು ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಕ್ಲಿಪ್ಪಿಗೆ ಹಣ ಕೇಳಿದರೆ ರೀಕಾಲ್ ಕೆಲಸದ ಭಾಗವೆಂದು ಹೇಳಿ. ಅಲ್ಲಿಗೂ ಒಪ್ಪದಿದ್ದರೆ ಆ ಸಣ್ಣ ಮೊತ್ತ ಕೊಟ್ಟು ಬಿಲ್ ಪಡೆಯುವುದೇ ಜಾಣತನ, ಹಳೆಯ ಕ್ಲಿಪ್ಪಿನೊಂದಿಗೆ ಘಟ್ಟ ಇಳಿಯಬೇಡಿ.

ಕನೆಕ್ಟರ್ ಕೀಳುವ ಸಲಹೆಗೆ ಬರೋಣ. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಬ್ಯಾಟರಿ ಸಂಪರ್ಕ ತಪ್ಪಿಸದೆ ಕೈಹಾಕಲೇಬಾರದು. ನೆಗೆಟಿವ್ ಕೇಬಲ್ ತೆಗೆದ ಮೇಲೂ ಕನಿಷ್ಠ ಮೂರು ನಿಮಿಷ ಕಾಯಬೇಕು, ಕಂಟ್ರೋಲ್ ಯೂನಿಟ್ಟಿನ ಕೆಪಾಸಿಟರಿನಲ್ಲಿ ಅಷ್ಟು ಹೊತ್ತು ಚಾರ್ಜ್ ಉಳಿದಿರುತ್ತದೆ. ಟೆಸ್ಟ್ ಲ್ಯಾಂಪ್ ಅಥವಾ ಸಾಧಾರಣ ಮಲ್ಟಿಮೀಟರ್ ಹಚ್ಚಿ ನೋಡುವ ಅಭ್ಯಾಸ ಇನ್ನೂ ಅಪಾಯ, ಆ ಕರೆಂಟಿಗೇ ಏರ್‌ಬ್ಯಾಗ್ ಸಿಡಿಯಬಹುದು. ಇದನ್ನೆಲ್ಲ ದಾಟಿ ಕಿತ್ತಿಟ್ಟರೂ ಲಾಭವಿಲ್ಲ. ಲೈಟ್ ಸದಾ ಉರಿಯುತ್ತದೆ, ಮುಂದೆ ಬೇರೆ ದೋಷ ಬಂದರೂ ಗೊತ್ತಾಗದು. ಹಲವು ಕಾರುಗಳಲ್ಲಿ ಒಂದು ದೋಷ ಕಂಡರೆ ಸೀಟ್ ಬೆಲ್ಟ್ ಬಿಗಿಯುವ ಪ್ರಿಟೆನ್ಷನರ್ ಸೇರಿ ಇಡೀ ವ್ಯವಸ್ಥೆಯೇ ನಿಲ್ಲುವ ಸಾಧ್ಯತೆಯಿದೆ. ಸರಿಯಾದ ಏರ್‌ಬ್ಯಾಗ್ ಉಚಿತವಾಗಿ ಸಿಗುವಾಗ ಏರ್‌ಬ್ಯಾಗೇ ಇಲ್ಲದ ಕಾರನ್ನು ಮಾಡಿಕೊಳ್ಳುವುದು ಯಾಕೆ?

ಹೋಗುವ ದಿನದ ವಿಷಯ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿಸ್ ಸಂಖ್ಯೆಯನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ, ಬಾಕಿ ಏನೇನಿದೆ ಎಂದು ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮ ಹೆಸರು, ಫೋನ್ ನಂಬರನ್ನೂ ಅಲ್ಲಿ ಬದಲಿಸಿ. ಸೆಕೆಂಡ್ ಹ್ಯಾಂಡ್ ಕಾರುಗಳ ರೀಕಾಲ್ ಪತ್ರ ಎಷ್ಟೋ ಸಲ ಹಳೆಯ ಮಾಲೀಕರ ಮನೆಗೇ ಹೋಗಿ ಬೀಳುತ್ತದೆ. ಹುಬ್ಬಳ್ಳಿಯೇ ಆಗಬೇಕೆಂದಿಲ್ಲ. ಮಡಗಾಂವ್, ಉಡುಪಿ, ಮಂಗಳೂರು, ಅದೇ ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಿನಲ್ಲೂ ರೀಕಾಲ್ ಕೆಲಸ ನಡೆಯುತ್ತದೆ. ಹೋದ ಸಲದ ಜಾಗದ ಮೇಲೆ ನಂಬಿಕೆ ಹೋಗಿದ್ದರೆ ಬೇರೆಡೆ ಹೋಗಿ. ಆದರೆ 'ಬನ್ನಿ ನೋಡೋಣ' ಎಂಬ ಮಾತಿಗೆ ಅರಬೈಲ್ ಘಟ್ಟ ಹತ್ತಬೇಡಿ. ನಿಮ್ಮ ಚಾಸಿಸ್ ಸಂಖ್ಯೆಗೆ ಹೊಂದುವ ಇನ್‌ಫ್ಲೇಟರ್ ಸ್ಟಾಕಿನಲ್ಲಿ ಬಂದಿದೆ ಎಂದು ಮೆಸೇಜಿನಲ್ಲಿ ಖಚಿತಪಡಿಸಿಕೊಂಡ ಮೇಲೆ, ಬೆಳಗಿನ ಮೊದಲ ಸರದಿ ಹಿಡಿಯಿರಿ. ಕೆಳಗಿನಿಂದ ಮಾಡುವ ಕೆಲಸಕ್ಕೆ ಎರಡು ಮೂರು ಗಂಟೆ ಸಾಕು.

ಕಾರು ಒಪ್ಪಿಸುವಾಗ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಂಪ್ ದಾಟಿಸಿ. ಈಗಿರುವ ಸದ್ದು, ಸ್ಟೀರಿಂಗ್ ಓರೆ, ಡ್ಯಾಶ್‌ಬೋರ್ಡಿನ ಗೀರು ಎಲ್ಲ ಕಾರ್ಡಿಗೆ ಬರಲಿ, ಡ್ಯಾಶ್‌ಬೋರ್ಡಿನ ವಿಡಿಯೋ ನಿಮ್ಮ ಫೋನಿನಲ್ಲಿರಲಿ. 'ರೀಕಾಲ್ ಕೆಲಸ ಮಾತ್ರ' ಎಂದು ಬರೆಸಿ, ಇಲ್ಲದಿದ್ದರೆ ಪೂರ್ತಿ ಸರ್ವಿಸ್ ಬಿಲ್ ಕೈಗೆ ಬರಬಹುದು. ಬ್ಯಾಟರಿ ತೆಗೆಯುವುದರಿಂದ ಮ್ಯೂಸಿಕ್ ಸಿಸ್ಟಮಿಗೆ ಕೋಡ್ ಇದ್ದರೆ ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಪವರ್ ವಿಂಡೋದ ಆಟೋ ಕೆಲಸ ನಿಂತಿದ್ದರೆ ಅಲ್ಲಿಯೇ ರಿಸೆಟ್ ಮಾಡಿಸಿ. ಐಡ್ಲಿಂಗ್ ಏರುಪೇರಾದರೆ ಎಂಜಿನ್ ಬಿಸಿಯಾದ ಮೇಲೆ ಎಸಿ, ಲೈಟ್ ಎಲ್ಲ ಆರಿಸಿ ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಾಪಸ್ ಪಡೆಯುವಾಗ ಎಸ್‌ಆರ್‌ಎಸ್ ಲೈಟ್ ಉರಿದು ಆರಬೇಕು. ಉರಿಯದೇ ಇದ್ದರೂ ತಪ್ಪೇ. ಹಳೆಯ ಇನ್‌ಫ್ಲೇಟರಿನ ಸೀರಿಯಲ್ ಸಂಖ್ಯೆ, ಹೊಸದರ ಸೀರಿಯಲ್ ಮತ್ತು ಪಾರ್ಟ್ ಸಂಖ್ಯೆ ಇನ್‌ವಾಯ್ಸಿನಲ್ಲಿ ಸೊನ್ನೆ ರೂಪಾಯಿ ಎಂದು ನಮೂದಾಗಿರಬೇಕು. ಹಳೆಯದನ್ನು ಮನೆಗೆ ತರುವ ಹಠ ಬೇಡ. ಅದು ಸ್ಫೋಟಕ, ಕಂಪನಿಯೇ ವಾಪಸ್ ಪಡೆದು ನಾಶ ಮಾಡಬೇಕು.

ಕಾನೂನಿನ ಬಗ್ಗೆ ಚಿಕ್ಕದಾಗಿ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿ, 2021ರ ಏಪ್ರಿಲ್ 1ರಿಂದ ಕಡ್ಡಾಯ ರೀಕಾಲ್ ನಿಯಮ ಜಾರಿಗೆ ಬಂತು. ಅದರಲ್ಲಿ ದಂಡ ಒಂದು ಕೋಟಿ ರೂಪಾಯಿಯವರೆಗೂ ಇದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ನಿಮ್ಮ ಕಾರಿಗೆ ಬಂದಿರುವುದು ಕಂಪನಿ ತಾನಾಗಿ ಮಾಡುವ ರೀಕಾಲ್. ಹಾಗಿದ್ದರೂ ಬಿಡಿಭಾಗ, ಕೂಲಿ ಎರಡಕ್ಕೂ ಹಣ ಕೇಳುವಂತಿಲ್ಲ ಎಂಬುದು ಪತ್ರದಲ್ಲೇ ಇರುತ್ತದೆ, ಓದಿ ನೋಡಿ. ಸ್ಟೀರಿಂಗ್ ದೂರನ್ನು ಮೊದಲು ಸರ್ವಿಸ್ ಸೆಂಟರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಇಮೇಲಿನಲ್ಲಿ ಕಳಿಸಿ, ಅಲೈನ್‌ಮೆಂಟ್ ಪ್ರಿಂಟ್ ಲಗತ್ತಿಸಿ. ಹದಿನೈದು ದಿನದಲ್ಲಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿ. ಅದೂ ಫಲಿಸದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರು ಕೊಡಲು ಎರಡು ವರ್ಷದ ಮಿತಿಯಿದೆ. ನಿಮ್ಮ ಕೆಲಸ ಆದದ್ದು ಕಳೆದ ವರ್ಷವಾದ್ದರಿಂದ ಹೆಚ್ಚು ಸಮಯ ಉಳಿದಿಲ್ಲ.

ಎಲ್ಲ ರೀಕಾಲೂ ಒಂದೇ ತೂಕದ್ದಲ್ಲ ಎಂಬುದನ್ನೂ ಒಪ್ಪಬೇಕು. 2015ರಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಹೊಗೆ ಪರೀಕ್ಷೆಯ ವಿವಾದದ ನಂತರ ನಮ್ಮಲ್ಲಿ 3,23,700 ಡೀಸೆಲ್ ಕಾರುಗಳನ್ನು ಕರೆಸಿತು. ಅಂಥ ಸಾಫ್ಟ್‌ವೇರ್ ಬದಲಾವಣೆಯಾದರೆ ಪಿಕಪ್, ಮೈಲೇಜ್ ಏನಾಗುತ್ತದೆ ಎಂದು ಮಾಲೀಕ ಅಳುಕುವುದು, ವಿಚಾರಿಸಿ ನಿಧಾನಿಸುವುದು ಅರ್ಥವಾಗುವ ಮಾತು. ಬ್ರೇಕ್, ಸ್ಟೀರಿಂಗ್, ಇಂಧನ ಪಂಪ್, ಏರ್‌ಬ್ಯಾಗಿನ ರೀಕಾಲಿಗೆ ಆ ನಿಧಾನ ಸಲ್ಲದು. ದೇವಿಮನೆ ಘಟ್ಟದ ತಿರುವಿನಲ್ಲಿ ಪಂಪ್ ಕೈಕೊಟ್ಟು ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಒಂದೆರಡು ಒತ್ತಿಗೆ ಮುಗಿಯುತ್ತದೆ.

ಇನ್‌ಫ್ಲೇಟರ್ ಬರುವವರೆಗೆ ಎಡಬದಿಯ ಮುಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ಮನೆಯವರು ಹಿಂದೆ ಕೂತು ಬೆಲ್ಟ್ ಹಾಕಿಕೊಳ್ಳಲಿ. ಹಿಂದೆ ಜಾಗ ಸಾಲದೆ ಒಬ್ಬರು ಮುಂದೆ ಕೂರಲೇಬೇಕಾದ ಪ್ರಯಾಣವಾದರೆ ಬೇರೆ ವಾಹನ ನೋಡಿ. ನೀವು ಓಡಿಸುವಾಗ ಎದೆಗೂ ಸ್ಟೀರಿಂಗಿಗೂ 25 ಸೆಂಟಿಮೀಟರ್ ಅಂತರವಿರಲಿ. ಇನ್ನೊಂದು ವಿಷಯ, 2019 ಅಥವಾ 2021ರ ನೆರೆಯಲ್ಲಿ ಕಾರಿಗೆ ನೀರು ನುಗ್ಗಿತ್ತೇ ಎಂದು ಹಳೆಯ ಮಾಲೀಕರನ್ನು ಕೇಳಿ. ಕಾಳಿ, ಗಂಗಾವಳಿ ತೀರದ ಹಲವು ವಾಹನಗಳು ಆಗ ಮುಳುಗಿದ್ದವು. ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಸಾಮಾನ್ಯವಾಗಿ ಇರುವುದು ಗೇರ್ ಲಿವರಿನ ಆಸುಪಾಸು, ನೆಲಕ್ಕೆ ತಾಗಿದಂತೆ. ಸೀಟಿನಡಿಯ ಹಳದಿ ಕನೆಕ್ಟರುಗಳೂ ಅದೇ ಮಟ್ಟದಲ್ಲಿವೆ. ನೀರು ಹೊಕ್ಕಿತ್ತೆಂದಾದರೆ ಅದನ್ನು ಅಡ್ವೈಸರಿಗೆ ಮೊದಲೇ ತಿಳಿಸಿ, ಇನ್‌ಫ್ಲೇಟರ್ ಬದಲಿಸುವ ದಿನವೇ ಈ ಕನೆಕ್ಟರುಗಳ ಹಸಿರು ತುಕ್ಕು ಮತ್ತು ಕಂಟ್ರೋಲ್ ಯೂನಿಟ್ಟನ್ನು ಪರೀಕ್ಷಿಸಲು ಕಾರ್ಡಿನಲ್ಲಿ ಬರೆಸಿ. ಆ ತಪಾಸಣೆ ರೀಕಾಲಿನಲ್ಲಿ ಸೇರುವುದಿಲ್ಲ, ಅದಕ್ಕೆ ಹಣ ಕೊಡಬೇಕಾಗುತ್ತದೆ.